ಎಂಟು ರಿವೆಟ್, ಒಂದು ನಿಮಿಷ: ವಿಲಿಯಂ ಫೇರ್‌ಬೇರ್ನ್ ಕಥೆ

ರಿವೆಟ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಮಷೀನ್ ಡ್ರಾಯಿಂಗ್ ಕ್ಲಾಸು. ಸಿಂಗಲ್ ರಿವೆಟೆಡ್ ಲ್ಯಾಪ್ ಜಾಯಿಂಟ್, ಡಬಲ್ ರಿವೆಟೆಡ್ ಬಟ್ ಜಾಯಿಂಟ್, ಚೈನು, ಜಿಗ್‌ಜ್ಯಾಗು. ಪಿಚ್ ಇಷ್ಟು, ಮಾರ್ಜಿನ್ ಅಷ್ಟು ಅಂತ ಲೆಕ್ಕ ಹಾಕಿ, ಒಂದೇ ಥರದ ತಲೆಗಳನ್ನು ಸಾಲಾಗಿ ಬರೆದು, ಹ್ಯಾಚಿಂಗ್ ಮುಗಿಸಿ, ಶೀಟು ಕೊಟ್ಟು ಬಂದರೆ ಆಯ್ತು. ಈಗೆಲ್ಲ ವೆಲ್ಡಿಂಗೇ ಅಲ್ವಾ, ಈ ರಿವೆಟ್ ಯಾಕೆ ಬೇಕು ಅಂತ ಗೊಣಗದೆ ಆ ಶೀಟು ಮುಗಿಸಿದವರು ಕಡಿಮೆ. ವಿಮಾನದ ಮೈ ಇವತ್ತಿಗೂ ರಿವೆಟ್ಟಿನಿಂದಲೇ ನಿಂತಿದೆ ಅನ್ನೋದು ಒಂದು ಉತ್ತರ. ಇನ್ನೊಂದು ಉತ್ತರ ಹವ್ಯಾಸಿಗಳ ಶೆಡ್ಡಿನಲ್ಲಿದೆ.

ಹಬೆ ಎಂಜಿನ್ನುಗಳ ಪುಟ್ಟ, ಆದರೆ ನಿಜವಾಗಿ ಓಡುವ ಮಾದರಿಗಳನ್ನು ಕಟ್ಟುವ ಹವ್ಯಾಸ ಬ್ರಿಟನ್ನಿನಲ್ಲಿ ಬಹಳ ಹಳೆಯದು. ಅದಕ್ಕೆ ಮಾಡೆಲ್ ಎಂಜಿನಿಯರಿಂಗ್ ಅಂತಲೇ ಹೆಸರು. ಐದು ಇಂಚು ಅಗಲದ ಹಳಿಯ ಮೇಲೆ ಓಡುವ ರೈಲು ಎಂಜಿನ್ ಕಟ್ಟುವವರು ಅದರ ಹಿಂದಿನ ಟೆಂಡರ್‌ಗೆ, ಅಂದರೆ ನೀರು ಮತ್ತು ಕಲ್ಲಿದ್ದಲು ಹೊರುವ ಬಂಡಿಗೆ, ನೂರಾರು ರಿವೆಟ್ ಕೂರಿಸಬೇಕು. ಒಂದೊಂದು ರಿವೆಟ್ಟಿನ ದಪ್ಪ ಇಂಚಿನಲ್ಲಿ 1/16 ಭಾಗ, ಅಂದರೆ ಸುಮಾರು 1.6 ಮಿಲಿಮೀಟರ್. ಸುತ್ತಿಗೆ ಹಿಡಿದು ಕೂತರೆ ಹತ್ತನೆಯದರ ಹೊತ್ತಿಗೆ ತಲೆ ಒಂದು ಕಡೆ ವಾಲುತ್ತೆ, ಐವತ್ತನೆಯದರ ಹೊತ್ತಿಗೆ ತಗಡೇ ಸೊಟ್ಟಗಾಗಿರುತ್ತೆ. ಅದಕ್ಕೇ ಅವರು ಒಂದು ಸಾಧನ ಮಾಡಿಕೊಳ್ತಾರೆ. ಇಂಗ್ಲಿಷಿನ ಸಿ ಅಕ್ಷರದ ಆಕಾರದ ಗಟ್ಟಿ ಚೌಕಟ್ಟು. ಅದರ ಒಂದು ತುದಿಯಲ್ಲಿ ರಿವೆಟ್ಟಿನ ತಲೆ ಕೂರುವಂಥ ಗುಳಿ, ಎದುರು ತುದಿಯಲ್ಲಿ ಅಂಥದ್ದೇ ಗುಳಿಯಿರುವ ಇನ್ನೊಂದು ಡೈ, ಆ ಡೈಯನ್ನು ಮುಂದಕ್ಕೆ ತಳ್ಳೋಕೆ ಒಂದು ಲಿವರ್. ಇಲ್ಲಿ ಹೊಡೆಯೋದಿಲ್ಲ, ಒತ್ತೋದು.

ಹೊಡೆಯೋದನ್ನು ಬಿಟ್ಟು ಒತ್ತುವ ಈ ಯೋಚನೆಯನ್ನು ದೊಡ್ಡ ಕಾರ್ಖಾನೆಗೆ ತಂದವರು ವಿಲಿಯಂ ಫೇರ್‌ಬೇರ್ನ್. ಅವರ ಯಂತ್ರ ಹುಟ್ಟಿದ್ದು ಒಂದು ಮುಷ್ಕರದ ನಡುವೆ. ಅವರ ಬದುಕು ಓದುತ್ತಾ ಹೋದರೆ ನಮ್ಮ ಡ್ರಾಯಿಂಗ್ ಶೀಟಿನ ಆ ಒಣ ಅಂಕಿಗಳ ಹಿಂದೆ ಎಷ್ಟು ಜನ, ಎಷ್ಟು ಜಗಳ, ಎಷ್ಟು ಮುರಿದ ಕಬ್ಬಿಣ ಇದೆ ಅಂತ ಗೊತ್ತಾಗುತ್ತೆ.

ಚಾಕು ಹಿಡಿದ ಹುಡುಗ

ಫೇರ್‌ಬೇರ್ನ್ ಹುಟ್ಟಿದ್ದು 1789ರ ಫೆಬ್ರವರಿ 19ರಂದು, ಸ್ಕಾಟ್ಲೆಂಡಿನ ದಕ್ಷಿಣದ ಅಂಚಿನಲ್ಲಿ, ಟ್ವೀಡ್ ನದಿಯ ದಂಡೆಯ ಕೆಲ್ಸೋ ಎಂಬ ಊರಲ್ಲಿ. ತಂದೆ ಆಂಡ್ರ್ಯೂ ಬೇರೆಯವರ ಜಮೀನು ನೋಡಿಕೊಂಡು ಬದುಕುತ್ತಿದ್ದವರು. ಕೆಲಸ ಸಿಕ್ಕ ಕಡೆಗೆ ಸಂಸಾರ ಹೊರಡುತ್ತಿತ್ತು. ಹುಡುಗನಿಗೆ ಶಾಲೆ ಸಿಕ್ಕಿದ್ದು ಅಲ್ಲಿಷ್ಟು ಇಲ್ಲಿಷ್ಟು. ಕೈಗೆ ಸಿಕ್ಕಿದ್ದು ಮಾತ್ರ ಒಂದು ಚಾಕು. ಅದರಲ್ಲಿ ಮರ ಕೆತ್ತಿ ಪುಟ್ಟ ಗಾಳಿಗಿರಣಿ, ನೀರಿನ ಗಿರಣಿ ಮಾಡುತ್ತಿದ್ದ. ಎತ್ತಿಕೊಂಡು ತಿರುಗಬೇಕಾಗಿದ್ದ ತಮ್ಮನನ್ನು ಕೂರಿಸಿ ಎಳೆಯೋಕೆ ಒಂದು ಗಾಡಿಯನ್ನೂ ಮಾಡಿಕೊಂಡಿದ್ದ. ಆ ತಮ್ಮ ಪೀಟರ್ ಮುಂದೆ ಲೀಡ್ಸ್ ನಗರದಲ್ಲಿ ದೊಡ್ಡ ಯಂತ್ರ ತಯಾರಕನಾದ.

ಹದಿನಾಲ್ಕರ ವಯಸ್ಸಿಗೆ ಕೂಲಿ ಶುರುವಾಯ್ತು. ಕೆಲ್ಸೋದಲ್ಲಿ ಜಾನ್ ರೆನಿ ಎಂಬ ಹೆಸರಾಂತ ಎಂಜಿನಿಯರ್ ಸೇತುವೆ ಕಟ್ಟಿಸುತ್ತಿದ್ದರು. ಅಲ್ಲಿ ಕೆಲಸಕ್ಕೆ ಸೇರಿದ ಕೆಲವೇ ದಿನಕ್ಕೆ ಕಲ್ಲು ಬಿದ್ದು ಕಾಲಿಗೆ ಪೆಟ್ಟಾಗಿ ಮನೆ ಹಿಡಿದ. 1804ರಲ್ಲಿ ಇಂಗ್ಲೆಂಡಿನ ಈಶಾನ್ಯದ ಪರ್ಸಿ ಮೇನ್ ಕಲ್ಲಿದ್ದಲು ಗಣಿಯಲ್ಲಿ ಏಳು ವರ್ಷದ ಅಪ್ರೆಂಟಿಸ್ ಆದ. ಕಲಿಯಬೇಕಾಗಿದ್ದದ್ದು ಮಿಲ್‌ರೈಟ್ ಕಸುಬು. ಮಿಲ್‌ರೈಟ್ ಅಂದ್ರೆ ಆ ಕಾಲದ ಮೆಕ್ಯಾನಿಕಲ್ ಎಂಜಿನಿಯರ್ ಅಂತ ಇಟ್ಕೊಳ್ಳಿ. ನೀರಿನ ಚಕ್ರ, ಹಲ್ಲಿನ ಗಾಲಿ, ಶಾಫ್ಟು, ಪಂಪು ಎಲ್ಲವನ್ನೂ ಮರದಲ್ಲೂ ಕಬ್ಬಿಣದಲ್ಲೂ ತಾನೇ ಮಾಡಿ, ತಾನೇ ಕೂರಿಸಿ, ಕೆಟ್ಟರೆ ತಾನೇ ರಿಪೇರಿ ಮಾಡುವವನು.

ಅಲ್ಲಿ ಅವನು ತನಗೆ ತಾನೇ ಟೈಮ್‌ಟೇಬಲ್ ಹಾಕಿಕೊಂಡ. ಒಂದು ಸಂಜೆ ಅಂಕಗಣಿತ ಮತ್ತು ಅಳತೆ, ಒಂದು ಸಂಜೆ ಇತಿಹಾಸ ಮತ್ತು ಕಾವ್ಯ, ಒಂದು ಸಂಜೆ ಯೂಕ್ಲಿಡ್ ಮತ್ತು ತ್ರಿಕೋನಮಿತಿ, ನಡುವೆ ಬಿಡುವಿಗೂ ಒಂದು ದಿನ. ಸೆಮಿಸ್ಟರ್ ಶುರುವಿನಲ್ಲಿ ನಾವೂ ಹಾಕ್ಕೋತೀವಿ ಬಿಡಿ, ಇಂಟರ್ನಲ್ಸ್ ಬರೋ ಹೊತ್ತಿಗೆ ಅದು ಗೋಡೆ ಮೇಲೆ ಮಾತ್ರ ಇರುತ್ತೆ. ಈ ಹುಡುಗ ಮೂರು ವರ್ಷ ಅದನ್ನು ನಡೆಸಿದ. ಹತ್ತಿರದ ಇನ್ನೊಂದು ಕಡೆ ಎಂಜಿನ್ ನೋಡಿಕೊಳ್ಳುತ್ತಿದ್ದ ಜಾರ್ಜ್ ಸ್ಟೀಫನ್‌ಸನ್ ಸ್ನೇಹಿತನಾದ. ಮುಂದೆ ರೈಲಿನ ಪಿತಾಮಹ ಅನ್ನಿಸಿಕೊಂಡ ಅದೇ ಸ್ಟೀಫನ್‌ಸನ್. ಅವನು ಹಡಗಿನ ಮಣ್ಣು ಹೊತ್ತು ನಾಲ್ಕು ಕಾಸು ಹೆಚ್ಚಿಗೆ ಸಂಪಾದಿಸಲಿ ಅಂತ ಫೇರ್‌ಬೇರ್ನ್ ಅವನ ಎಂಜಿನ್ ಪಾಳಿಯನ್ನು ತಾನು ನೋಡಿಕೊಳ್ಳುತ್ತಿದ್ದ.

ಮುಚ್ಚಿದ ಬಾಗಿಲು

1811ರಲ್ಲಿ ಅಪ್ರೆಂಟಿಸ್ ಅವಧಿ ಮುಗಿಯಿತು. ಜೊತೆಗಾರನೊಬ್ಬನ ಜತೆ ಕಲ್ಲಿದ್ದಲಿನ ಹಡಗು ಹತ್ತಿ ಫೇರ್‌ಬೇರ್ನ್ ಲಂಡನ್ನಿಗೆ ಬಂದರು. ಥೇಮ್ಸ್ ಮೇಲೆ ವಾಟರ್ಲೂ ಸೇತುವೆಯ ಕೆಲಸ ಆಗಷ್ಟೇ ಶುರುವಾಗಿತ್ತು. ಎಂಜಿನಿಯರ್ ಬೇರೆ ಯಾರೂ ಅಲ್ಲ, ಕೆಲ್ಸೋ ಸೇತುವೆಯ ಅದೇ ರೆನಿ. ಅವರ ಕಡೆಯಿಂದ ಕೆಲಸ ಕೊಡೋಕೆ ತಯಾರಿದ್ದರು. ಆದರೆ ಲಂಡನ್ನಿನಲ್ಲಿ ಯಾರು ಮಿಲ್‌ರೈಟ್ ಕೆಲಸ ಮಾಡಬಹುದು ಅನ್ನೋದನ್ನು ತೀರ್ಮಾನ ಮಾಡುತ್ತಿದ್ದದ್ದು ಮಿಲ್‌ರೈಟ್‌ಗಳ ಸಂಘ. ಸಂಘ ಒಪ್ಪಲಿಲ್ಲ. ಏಳು ವರ್ಷ ಕಲಿತ ಕಸುಬು ಕೈಯಲ್ಲಿದೆ, ಕೆಲಸವೂ ಇದೆ, ಆದರೂ ಬಾಗಿಲು ಮುಚ್ಚಿದೆ. ಇಬ್ಬರೂ ನಡೆದುಕೊಂಡೇ ಊರಾಚೆ ಹೋಗಿ, ಹರ್ಟ್‌ಫರ್ಡ್‌ಶೈರಿನ ಗಾಳಿಗಿರಣಿಯೊಂದರಲ್ಲಿ ಕೆಲವು ದಿನದ ಕೆಲಸ ಗಿಟ್ಟಿಸಿಕೊಂಡರು. ಈ ಅವಮಾನವನ್ನು ಫೇರ್‌ಬೇರ್ನ್ ಮರೆಯಲಿಲ್ಲ.

ಮುಂದಿನ ಎರಡು ವರ್ಷ ಸಿಕ್ಕಿದ್ದನ್ನು ಮಾಡಿದರು. ಲಂಡನ್ನಿನ ಮಾಂಸದ ಅಂಗಡಿಯವನೊಬ್ಬನಿಗೆ ಸಾಸೇಜಿಗೆ ಮಾಂಸ ಕೊಚ್ಚುವ ಯಂತ್ರ ಮಾಡಿಕೊಟ್ಟು 33 ಪೌಂಡ್ ಪಡೆದರು. ಅಲ್ಲಿಂದ ಡಬ್ಲಿನ್ನಿಗೆ ಹೋಗಿ ಮೊಳೆ ತಯಾರಿಸುವ ಯಂತ್ರಗಳನ್ನು ಕಟ್ಟಿದರು. ಯಂತ್ರ ತಯಾರಾಯ್ತು, ಆದರೆ ಕೆಲಸಗಾರರು ವಿರೋಧಿಸಿದ್ದರಿಂದ ಓಡಲೇ ಇಲ್ಲ. ಒಂದು ಕಡೆ ಸಂಘ ಇವರಿಗೆ ಕೆಲಸ ತಪ್ಪಿಸಿತು. ಇನ್ನೊಂದು ಕಡೆ ಇವರ ಯಂತ್ರ ತಮ್ಮ ಕೆಲಸ ತಪ್ಪಿಸುತ್ತೆ ಅಂತ ಜನ ಹೆದರಿದರು. ಯಂತ್ರ ಮತ್ತು ಕೂಲಿಯ ನಡುವಿನ ಈ ತಿಕ್ಕಾಟದ ಎರಡೂ ಬದಿಯನ್ನು ಅವರು ಇಪ್ಪತ್ತೈದು ತುಂಬುವ ಮೊದಲೇ ನೋಡಿದ್ದರು.

ಮ್ಯಾಂಚೆಸ್ಟರ್

1813ರಲ್ಲಿ ಅವರು ಮ್ಯಾಂಚೆಸ್ಟರಿಗೆ ಬಂದರು. ಹತ್ತಿ ಗಿರಣಿಗಳು ಅಣಬೆ ಥರ ಏಳುತ್ತಿದ್ದ ಊರು. 1817ರಲ್ಲಿ ಜೇಮ್ಸ್ ಲಿಲ್ಲಿ ಎಂಬ ಗೆಳೆಯನ ಜತೆ ಒಂದು ಬಾಡಿಗೆ ಶೆಡ್ಡಿನಲ್ಲಿ ಸ್ವಂತ ವ್ಯವಹಾರ ಶುರುವಾಯ್ತು. ಇದ್ದದ್ದು ತಾವೇ ಮಾಡಿಕೊಂಡ ಒಂದು ಲೇತು, ಅದನ್ನು ತಿರುಗಿಸೋಕೆ ಗಟ್ಟಿಮುಟ್ಟಾದ ಒಬ್ಬ ಕೂಲಿಯವನು. ಮೋಟಾರ್ ಇಲ್ಲ, ಹಬೆಯೂ ಇಲ್ಲ. ಮೊದಲ ದೊಡ್ಡ ಕೆಲಸ ಮರ್ರೇ ಸಹೋದರರ ಹತ್ತಿ ಗಿರಣಿಯ ಶಾಫ್ಟುಗಳನ್ನು ಬದಲಿಸೋದು.

ಆ ಕಾಲದ ಗಿರಣಿಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ಮಹಡಿ ಮಹಡಿಗೆ ಹಂಚುತ್ತಿದ್ದದ್ದು ದಪ್ಪನೆಯ ಚೌಕಾಕಾರದ ಶಾಫ್ಟುಗಳು, ದೊಡ್ಡ ದೊಡ್ಡ ಡ್ರಮ್ಮುಗಳು. ನಿಧಾನಕ್ಕೆ ತಿರುಗುತ್ತಿದ್ದವು, ಶಕ್ತಿಯ ಬಹುಪಾಲು ತಮ್ಮ ಭಾರಕ್ಕೇ ತಿನ್ನುತ್ತಿದ್ದವು. ಫೇರ್‌ಬೇರ್ನ್ ಅವನ್ನು ತೆಗೆದು ತೆಳ್ಳಗಿನ, ದುಂಡನೆಯ, ವೇಗವಾಗಿ ತಿರುಗುವ ಶಾಫ್ಟು ಹಾಕಿದರು. ಪವರ್ ಅಂದ್ರೆ ಟಾರ್ಕ್ ಗುಣಿಸು ವೇಗ ಅಂತ ನಾವು ಕಲಿಯೋದು ಇದನ್ನೇ ಅಲ್ವಾ? ವೇಗ ಹೆಚ್ಚಿಸಿದರೆ ಅಷ್ಟೇ ಪವರ್‌ಗೆ ಟಾರ್ಕ್ ಕಡಿಮೆ ಸಾಕು, ಶಾಫ್ಟೂ ಸಣ್ಣದು ಸಾಕು. ಹೆಸರು ಹಬ್ಬಿತು. ನೀರಿನ ಚಕ್ರ, ಗಿರಣಿ ಯಂತ್ರ, ಆಮೇಲೆ ಬಾಯ್ಲರು, ಆಮೇಲೆ ರೈಲು ಎಂಜಿನ್ನು ಅಂತ ಕಾರ್ಖಾನೆ ಬೆಳೆಯಿತು. 1832ರಲ್ಲಿ ಲಿಲ್ಲಿ ಬೇರೆಯಾದರು.

ಇಷ್ಟರಲ್ಲಿ ಫೇರ್‌ಬೇರ್ನ್ ಕಬ್ಬಿಣದ ದೋಣಿಯ ಕಡೆ ತಿರುಗಿದ್ದರು. 1831ರಲ್ಲಿ ಲಾರ್ಡ್ ಡಂಡಾಸ್ ಎಂಬ ಸಣ್ಣ ಹಬೆ ದೋಣಿಯನ್ನು ಸಮುದ್ರದಿಂದ ದೂರವಿದ್ದ ಮ್ಯಾಂಚೆಸ್ಟರಿನಲ್ಲೇ ಕಟ್ಟಿದರು. 1835ರಲ್ಲಿ ಲಂಡನ್ನಿನ ಮಿಲ್‌ವಾಲ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ, ದೊಡ್ಡ ಹಡಗುಕಟ್ಟೆ ತೆರೆದರು. ದುಡ್ಡಿನ ಲೆಕ್ಕದಲ್ಲಿ ಅದು ಕೈ ಸುಟ್ಟಿತು. ಆದರೆ ಹಡಗಾಗಲಿ ಬಾಯ್ಲರಾಗಲಿ, ಎರಡೂ ಕಬ್ಬಿಣದ ತಟ್ಟೆಗೆ ತಟ್ಟೆ ಜೋಡಿಸುವ ಕೆಲಸ. ಜೋಡಿಸೋಕೆ ಇದ್ದದ್ದು ಒಂದೇ ದಾರಿ, ರಿವೆಟ್.

ಒಂದಕ್ಕೆ ಹನ್ನೆರಡು

ಆಗಿನ ಕೈ ರಿವೆಟಿಂಗ್ ಹೇಗಿತ್ತು ಅಂತ ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಒಬ್ಬ ಹುಡುಗ ಸಣ್ಣ ಕುಲುಮೆಯಲ್ಲಿ ರಿವೆಟ್ಟನ್ನು ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ತಂದುಕೊಡ್ತಾನೆ. ಅದನ್ನು ತೂತಿಗೆ ತೂರಿಸಿದ ಮೇಲೆ ಬಾಯ್ಲರಿನ ಒಳಗೆ ಕೂತವನೊಬ್ಬ ತಲೆಯ ಹಿಂದೆ ಭಾರದ ಕಬ್ಬಿಣದ ತುಂಡೊಂದನ್ನು ಒತ್ತಿ ಹಿಡೀತಾನೆ. ಹೊರಗಿನಿಂದ ಇಬ್ಬರು ಒಬ್ಬರಾದ ಮೇಲೊಬ್ಬರು ಸುತ್ತಿಗೆ ಬೀಸ್ತಾರೆ. ರಿವೆಟ್ ಕೆಂಪಗಿರುವಷ್ಟು ಹೊತ್ತಿನಲ್ಲೇ ತಲೆ ಮೂಡಬೇಕು. ಅದು ತಣ್ಣಗಾದಂತೆ ಉದ್ದ ಕುಗ್ಗಿ ಎರಡು ತಟ್ಟೆಯನ್ನೂ ಬಿಗಿಯಾಗಿ ಹಿಡಿಯುತ್ತೆ. ಬಾಯ್ಲರಿನ ಒಳಗಿನ ಸದ್ದು ಎಂಥದ್ದು ಅಂದರೆ, ದುಡಿದು ದುಡಿದು ಕಿವುಡಾಗುವ ಆ ತೊಂದರೆಗೆ ಇಂಗ್ಲಿಷಿನಲ್ಲಿ ಬಾಯ್ಲರ್ ಕೆಲಸಗಾರರ ಕಿವಿ ಎಂಬ ಹೆಸರೇ ಬಂತು.

1834ರಲ್ಲಿ ಮ್ಯಾಂಚೆಸ್ಟರಿನ ಬಾಯ್ಲರ್ ಕೆಲಸಗಾರರು ತಮ್ಮದೇ ಸಂಘ ಕಟ್ಟಿಕೊಂಡರು. ಕೆಲವೇ ವರ್ಷದಲ್ಲಿ ಫೇರ್‌ಬೇರ್ನ್ ಕಾರ್ಖಾನೆಯ ಬಾಯ್ಲರ್ ವಿಭಾಗದವರು ಕೆಲಸ ನಿಲ್ಲಿಸಿ ಹೊರಗೆ ಬಂದರು. ಆರ್ಡರು ಕೈಯಲ್ಲಿದೆ, ಸುತ್ತಿಗೆ ಹಿಡಿಯುವವರಿಲ್ಲ. ಆಗ ಫೇರ್‌ಬೇರ್ನ್ ಮತ್ತು ಅವರ ಕಾರ್ಖಾನೆಯ ರಾಬರ್ಟ್ ಸ್ಮಿತ್ ಒಂದು ಪ್ರಯೋಗ ಮಾಡಿದರು. ತಟ್ಟೆಗೆ ತೂತು ಹೊಡೆಯುವ ಪಂಚಿಂಗ್ ಪ್ರೆಸ್ ಅಲ್ಲೇ ಇತ್ತಲ್ಲ, ಅದರ ಬಾಯಿಗೆ ಕೆಂಪಗೆ ಕಾದ ರಿವೆಟ್ ಇಟ್ಟು ಒತ್ತಿದರೆ? ಒತ್ತಿದರು. ತಲೆ ಕೂತಿತು. ಸದ್ದೂ ಇಲ್ಲ. ಹೊಸ ತತ್ವ ಕಂಡುಹಿಡಿದದ್ದೇನಲ್ಲ, ಇದ್ದ ಯಂತ್ರವನ್ನು ಬೇರೆ ಕೆಲಸಕ್ಕೆ ಹಚ್ಚಿದ್ದು. 1837ರಲ್ಲಿ ಇದಕ್ಕೆ ಪೇಟೆಂಟ್ ಆಯ್ತು.

ಅದರ ಬೆನ್ನಿಗೇ ಕಟ್ಟಿದ ಯಂತ್ರದ ಕೆಲಸ ಸರಳ. ನೆಟ್ಟಗೆ ನಿಂತ ಒಂದು ದಪ್ಪ ಕಂಬ, ಅದರ ಮೇಲ್ತುದಿಯಲ್ಲಿ ಕದಲದ ಡೈ. ಬಾಯ್ಲರಿನ ಕೊಳವೆಯನ್ನು ಮೇಲಿನಿಂದ ತೂಗುಹಾಕಿ ಆ ಕಂಬಕ್ಕೆ ತೊಡಿಸಿದ ಹಾಗೆ ಇಳಿಸುತ್ತಿದ್ದರು. ಈಗ ಕಂಬ ಬಾಯ್ಲರಿನ ಒಳಗೆ, ಎದುರಿನ ಚಲಿಸುವ ಡೈ ಹೊರಗೆ. ಕ್ಯಾಮ್ ತಿರುಗಿದಾಗ ದೊಡ್ಡ ಲಿವರ್ ಆ ಡೈಯನ್ನು ರಿವೆಟ್ಟಿನ ಮೇಲೆ ಒತ್ತುತ್ತೆ. ಒಳಗೆ ಕೂತು ಕಿವುಡಾಗುತ್ತಿದ್ದ ಮನುಷ್ಯನ ಜಾಗಕ್ಕೆ ಕಬ್ಬಿಣದ ಕಂಬ ಬಂತು. ಕೆಲವು ವರ್ಷದ ಅನುಭವದ ಮೇಲೆ ವಿನ್ಯಾಸ ಬದಲಾಯಿಸಿದರು. ಎಲ್ಲೋ ಒಮ್ಮೆ ತಣ್ಣಗಿನ ರಿವೆಟ್ ಸಿಕ್ಕಿಕೊಂಡರೂ ಮುರಿಯದಿರಲಿ ಅಂತ ಕಂಬವನ್ನು ಮೆತು ಕಬ್ಬಿಣದಿಂದ ಮಾಡಿದರು.

ಈಗ ಲೆಕ್ಕ ನೋಡಿ. ಕೈಯಲ್ಲಾದರೆ ಇಬ್ಬರು ರಿವೆಟರು, ಹಿಂದೆ ಹಿಡಿಯುವವನೊಬ್ಬ, ಒಬ್ಬ ಹುಡುಗ ಸೇರಿ ಗಂಟೆಗೆ ಮುಕ್ಕಾಲು ಇಂಚಿನ 40 ರಿವೆಟ್. ಯಂತ್ರದಲ್ಲಾದರೆ ಇಬ್ಬರು ಗಂಡಸರು, ಇಬ್ಬರು ಹುಡುಗರು ಸೇರಿ ನಿಮಿಷಕ್ಕೆ 8. ಅಂದರೆ ಗಂಟೆಗೆ 480, ಹನ್ನೆರಡು ಪಟ್ಟು. ಅದರ ಮೇಲೆ ಒಬ್ಬ ದೊಡ್ಡವನ ಕೂಲಿ ಉಳಿತಾಯ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸಂಘ ಒಪ್ಪದ ಕಾರಣಕ್ಕೆ ಲಂಡನ್ನಿನಿಂದ ನಡೆದುಹೋದ ಹುಡುಗ, ಇಪ್ಪತ್ತಾರು ವರ್ಷದ ನಂತರ ಮಾಲೀಕನಾಗಿ ಇನ್ನೊಂದು ಕಸುಬಿನವರ ಮುಷ್ಕರಕ್ಕೆ ಯಂತ್ರದ ಮೂಲಕ ಉತ್ತರ ಕೊಟ್ಟ. ಇದರಲ್ಲಿ ಸೇಡು ಎಷ್ಟು, ಬುದ್ಧಿ ಎಷ್ಟು ಅಂತ ಅಳೆಯೋಕೆ ನಮ್ಮ ಹತ್ತಿರ ಮೀಟರ್ ಇಲ್ಲ. ಯಂತ್ರ ಕಿವಿಗಳನ್ನು ಉಳಿಸಿತು ಅನ್ನೋದೂ ನಿಜ, ಕೌಶಲವೇ ಬಂಡವಾಳವಾಗಿದ್ದವರ ಕೈಯಿಂದ ಚೌಕಾಸಿಯ ಬಲ ಕಿತ್ತುಕೊಂಡಿತು ಅನ್ನೋದೂ ನಿಜ. ಹಾಗಂತ ಬಾಯ್ಲರ್ ಕೆಲಸಗಾರರ ಸಂಘ ಸಾಯಲಿಲ್ಲ. ಹಡಗಿನ ಮೂಲೆಗಳಿಗೆ, ಕಂಬ ತೂರದ ಸಂದಿಗಳಿಗೆ ಕೈ ರಿವೆಟಿಂಗ್ ಬೇಕೇ ಬೇಕಿತ್ತು. ಮುಂದೆ ಬ್ರಿಟನ್ನಿನ ಬಲಿಷ್ಠ ಕಾರ್ಮಿಕ ಸಂಘಗಳಲ್ಲಿ ಅದೂ ಒಂದಾಯ್ತು. ನಾಳೆ ನಾವು ಆಟೊಮೇಷನ್ ಕೆಲಸಕ್ಕೆ ಸೇರಿದಾಗ ಹನ್ನೆರಡು ಪಟ್ಟು ಎಂಬ ಅಂಕಿಯನ್ನು ಖುಷಿಯಿಂದ ಪ್ರೆಸೆಂಟೇಷನ್ನಿನಲ್ಲಿ ಹಾಕ್ತೀವಿ. ಆ ಅಂಕಿಯ ಕೆಳಗೆ ಹೊರಗೆ ನಿಂತವರು ಇರ್ತಾರೆ ಅನ್ನೋದನ್ನು ಮರೆಯದಿದ್ದರೆ ಸಾಕು.

ಸಾಧನ ಕಲಿಸುವ ಪಾಠ

ಫೇರ್‌ಬೇರ್ನ್ ಯಂತ್ರದ ಒಂದು ಮಿತಿ ಹವ್ಯಾಸಿಗಳ ಪುಟ್ಟ ಪ್ರೆಸ್ಸಿಗೂ ಅನ್ವಯಿಸುತ್ತೆ. ಕ್ಯಾಮ್ ಪ್ರತಿ ಸಲವೂ ಒಂದೇ ದೂರ ಸಾಗುತ್ತೆ. ತಟ್ಟೆ ಸ್ವಲ್ಪ ದಪ್ಪವಿದ್ದರೆ ಅಥವಾ ರಿವೆಟ್ ಸ್ವಲ್ಪ ಉದ್ದವಿದ್ದರೆ ಯಂತ್ರಕ್ಕೆ ಪೆಟ್ಟು. ತೆಳ್ಳಗಿದ್ದರೆ ತಲೆ ಪೂರ್ತಿ ಕೂರೋದಿಲ್ಲ. ಆಮೇಲೆ ನೇರ ಹಬೆಯಿಂದ ಒತ್ತುವ ಯಂತ್ರಗಳು ಬಂದವು. 1865ರಲ್ಲಿ ರಾಲ್ಫ್ ಟ್ವೆಡಲ್ ಹೈಡ್ರಾಲಿಕ್ ರಿವೆಟಿಂಗ್ ತಂದರು. ಅಲ್ಲಿ ದೂರ ಮುಖ್ಯವಲ್ಲ, ಒತ್ತಡ ಮುಖ್ಯ. ತಟ್ಟೆ ಎಷ್ಟೇ ದಪ್ಪವಿರಲಿ, ನಿಗದಿತ ಬಲ ಬಂದ ಮೇಲೆ ನಿಲ್ಲುತ್ತೆ.

ಮಾಡೆಲ್ ಕಟ್ಟುವವರಿಗೆ ಇದರಿಂದ ಬರುವ ಪಾಠ ಹೀಗೆ. ಲಿವರ್ ಪ್ರೆಸ್ಸಾದರೆ ಡೈಗೆ ತಿರುಪು ಇಟ್ಟು ದೂರ ಹೊಂದಿಸಿಕೊಳ್ಳಬೇಕು. ಎಲ್ಲ ರಿವೆಟ್ಟಿನ ಕಾಲನ್ನೂ ಒಂದೇ ಉದ್ದಕ್ಕೆ ಕತ್ತರಿಸಬೇಕು. ದುಂಡು ತಲೆ ಮೂಡೋಕೆ ಹೊರಗೆ ಉಳಿಯಬೇಕಾದ ಉದ್ದ ಸುಮಾರು ವ್ಯಾಸದ ಒಂದೂವರೆ ಪಟ್ಟು. ನಮ್ಮ 1.6 ಮಿಲಿಮೀಟರ್ ರಿವೆಟ್ಟಿಗೆ 2.4 ಮಿಲಿಮೀಟರ್. ಒತ್ತುವ ಮೊದಲು ಎರಡು ತಗಡೂ ಒಂದಕ್ಕೊಂದು ಅಂಟಿಕೊಂಡಿರಬೇಕು, ಇಲ್ಲದಿದ್ದರೆ ಮೆತ್ತನೆಯ ತಾಮ್ರ ಸಂದಿಯೊಳಗೇ ಉಬ್ಬಿಕೊಳ್ಳುತ್ತೆ. ಅದಕ್ಕೆ ಎರಡನ್ನೂ ಒಟ್ಟಿಗೆ ಹಿಡಿದು ತೂತು ಕೊರೆದು, ಅಲ್ಲಲ್ಲಿ ಸಣ್ಣ ಬೋಲ್ಟು ಹಾಕಿ, ಆಮೇಲೆ ಉಳಿದ ತೂತುಗಳಿಗೆ ಹೋಗಬೇಕು. ಸಿ ಚೌಕಟ್ಟಿನ ಹೊಟ್ಟೆ ಎಷ್ಟು ಆಳವಿದೆಯೋ ಅಂಚಿನಿಂದ ಅಷ್ಟು ದೂರಕ್ಕೆ ಮಾತ್ರ ಕೆಲಸ. ಆಳ ಹೆಚ್ಚಿಸಿದರೆ ಚೌಕಟ್ಟು ಬಾಗುತ್ತೆ, ತಲೆ ವಾಲುತ್ತೆ. ಫೇರ್‌ಬೇರ್ನ್ ಕಂಬ ಅಷ್ಟು ದಪ್ಪ ಇದ್ದದ್ದಕ್ಕೂ ಇದೇ ಕಾರಣ.

ನೂರು, ಎಪ್ಪತ್ತು, ಐವತ್ತಾರು

ನಿಮಿಷಕ್ಕೆ ಎಂಟು ರಿವೆಟ್ ಕೂರಿಸೋದು ಬಂತು. ಕೂರಿಸಿದ ಜೋಡಣೆ ಎಷ್ಟು ಹೊರುತ್ತೆ? ಬರೀ ಯಂತ್ರ ಮಾರುವವನಾಗಿದ್ದರೆ ಫೇರ್‌ಬೇರ್ನ್ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಅವರು 1830ರ ದಶಕದ ಕೊನೆಯಲ್ಲೇ ಕಬ್ಬಿಣದ ತಟ್ಟೆಗಳನ್ನೂ ರಿವೆಟ್ ಜೋಡಣೆಗಳನ್ನೂ ಎಳೆದು ಎಳೆದು ಹರಿದು ನೋಡಿದರು. 1850ರಲ್ಲಿ ರಾಯಲ್ ಸೊಸೈಟಿ ಪ್ರಕಟಿಸಿದ ಆ ಫಲಿತಾಂಶದ ಸಾರ ಮೂರು ಅಂಕಿ. ಇಡೀ ತಟ್ಟೆಯ ಬಲ 100 ಅಂತಾದರೆ ಎರಡು ಸಾಲಿನ ರಿವೆಟ್ ಜೋಡಣೆಯದು 70, ಒಂದು ಸಾಲಿನದು 56.

ಕಾರಣ ನಮಗೆ ಗೊತ್ತೇ ಇದೆ. 50 ಮಿಲಿಮೀಟರ್ ಪಿಚ್ಚಿನಲ್ಲಿ 20 ಮಿಲಿಮೀಟರ್ ತೂತು ಹೊಡೆದರೆ ಉಳಿಯೋದು 30, ಅಂದರೆ ನೂರಕ್ಕೆ 60. ರಿವೆಟ್ ಎಷ್ಟೇ ಗಟ್ಟಿಯಿರಲಿ, ತೂತಿನಿಂದ ತಟ್ಟೆಯೇ ಬಡವಾಗಿರುತ್ತೆ. ಆದರೆ ಬಾಯ್ಲರ್ ಕಟ್ಟುವವರು ಅಲ್ಲಿಯವರೆಗೆ ಅಂದಾಜಿನ ಮೇಲೆ ನಡೆಯುತ್ತಿದ್ದರು, ಬಾಯ್ಲರುಗಳು ಸಿಡಿಯುತ್ತಿದ್ದವು, ಜನ ಸಾಯುತ್ತಿದ್ದರು. ಉರುಳೆಯ ಉದ್ದಕ್ಕೂ ಹೋಗುವ ಜೋಡಣೆಗೆ ಬೀಳುವ ಒತ್ತಡ ಸುತ್ತ ಹೋಗುವ ಜೋಡಣೆಯದಕ್ಕಿಂತ ಎರಡರಷ್ಟು. ಹಾಗಾಗಿ ಉದ್ದದ ಜೋಡಣೆಗೆ ಎರಡು ಸಾಲು, ಸುತ್ತಿಗೆ ಒಂದು ಸಾಲು ಎಂಬ ಪದ್ಧತಿಯ ಹಿಂದೆ ಈ ಲೆಕ್ಕಗಳಿವೆ.

1844ರಲ್ಲಿ ಜಾನ್ ಹೆದರಿಂಗ್ಟನ್ ಜತೆ ಅವರು ಪೇಟೆಂಟ್ ಪಡೆದ ಬಾಯ್ಲರ್ ನಮ್ಮ ಪಠ್ಯದಲ್ಲಿ ಲ್ಯಾಂಕಶೈರ್ ಬಾಯ್ಲರ್ ಅಂತ ಇವತ್ತಿಗೂ ಇದೆ. ಒಂದು ಬೆಂಕಿಕೊಳವೆಯ ಬದಲು ಎರಡು, ಸರದಿಯಂತೆ ಒಂದೊಂದಕ್ಕೆ ಕಲ್ಲಿದ್ದಲು. ಆ ಒಳಕೊಳವೆಗಳು ಹೊರಗಿನ ಒತ್ತಡಕ್ಕೆ ಯಾಕೆ ಅಪ್ಪಚ್ಚಿಯಾಗುತ್ತವೆ ಅಂತಲೂ ಅವರು ಪರೀಕ್ಷಿಸಿ 1858ರಲ್ಲಿ ತೋರಿಸಿದರು. ಕೊಳವೆ ಉದ್ದವಾದಷ್ಟೂ ದುರ್ಬಲ, ದಪ್ಪ ಹೆಚ್ಚಿದರೆ ಬಲ ದಪ್ಪದ 2.19ನೇ ಘಾತದಷ್ಟು ಹೆಚ್ಚುತ್ತೆ. ಅಂದರೆ ನಡುನಡುವೆ ಗಟ್ಟಿ ಬಳೆ ತೊಡಿಸಿದರೆ ಉದ್ದದ ಕೊಳವೆಯೂ ಗಿಡ್ಡ ಕೊಳವೆಯ ಹಾಗೆ ನಿಲ್ಲುತ್ತೆ. ಬಾಯ್ಲರುಗಳನ್ನು ಆಗಾಗ ತಪಾಸಣೆ ಮಾಡಿಸುವ ಮ್ಯಾಂಚೆಸ್ಟರ್ ಸ್ಟೀಮ್ ಯೂಸರ್ಸ್ ಅಸೋಸಿಯೇಷನ್ನನ್ನು 1850ರ ದಶಕದಲ್ಲಿ ಕಟ್ಟಿದವರಲ್ಲೂ ಅವರು ಮುಂದಿದ್ದರು.

ಆರನೇ ಒಂದರಷ್ಟು ಸೇತುವೆ

ಮಾಡೆಲ್ ಮತ್ತು ರಿವೆಟ್ ಎರಡೂ ಒಂದೇ ಕಡೆ ಸೇರಿದ್ದು ವೇಲ್ಸಿನ ಸೇತುವೆಗಳಿಗಾಗಿ. ಜಾರ್ಜ್ ಸ್ಟೀಫನ್‌ಸನ್ನರ ಮಗ ರಾಬರ್ಟ್ ಮೆನಾಯ್ ಜಲಸಂಧಿಯ ಮೇಲೆ ರೈಲು ದಾಟಿಸಬೇಕಿತ್ತು. ಕೆಳಗೆ ಹಡಗುಗಳು ಹೋಗಬೇಕು, ಹಾಗಾಗಿ 460 ಅಡಿಯ ಎರಡು ಅಂಕಣ ನಡುವೆ ಆಸರೆಯಿಲ್ಲದೆ ನಿಲ್ಲಬೇಕು. ಕಬ್ಬಿಣದ ದೊಡ್ಡ ಕೊಳವೆ ಕಟ್ಟಿ ಅದರೊಳಗೇ ರೈಲು ಓಡಿಸೋಣ ಅನ್ನೋದು ಅವರ ಯೋಚನೆ. ಅಂಥದ್ದನ್ನು ಯಾರೂ ಕಟ್ಟಿರಲಿಲ್ಲ. 1845ರಲ್ಲಿ ಅವರು ಗೆಳೆಯ ಫೇರ್‌ಬೇರ್ನ್ ಬಳಿ ಬಂದರು. ಲೆಕ್ಕದ ಕಡೆಗೆ ಈಟನ್ ಹಾಡ್ಜ್‌ಕಿನ್‌ಸನ್ ಸೇರಿದರು.

ಮಿಲ್‌ವಾಲ್‌ನಲ್ಲಿ ದುಂಡು, ಮೊಟ್ಟೆಯಾಕಾರ, ಆಯತ ಅಂತ ಕೊಳವೆಗಳನ್ನು ಮಾಡಿ ಭಾರ ಹೇರಿ ಮುರಿದರು. ಮತ್ತೆ ಮತ್ತೆ ಕಂಡದ್ದು, ಕೆಳಭಾಗ ಹರಿಯುವ ಮೊದಲೇ ಮೇಲ್ಭಾಗದ ತೆಳು ತಟ್ಟೆ ಸುಕ್ಕುಗಟ್ಟಿ ಕುಸಿಯುತ್ತೆ. ಬಕ್ಲಿಂಗ್ ಅಂತ ನಾವು ಕರೆಯೋದು ಅದನ್ನೇ. ಉತ್ತರ, ಆಯತದ ಕೊಳವೆ ಮಾಡಿ ಅದರ ಮೇಲ್ಭಾಗವನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಕಟ್ಟೋದು. ಅದು ಸರಿಯೇ ಅಂತ ನೋಡೋಕೆ ನಿಜ ಸೇತುವೆಯ ಆರನೇ ಒಂದು ಅಳತೆಯಲ್ಲಿ, 75 ಅಡಿ ಅಂಕಣದ ಮಾದರಿ ಕಟ್ಟಿದರು. ತಟ್ಟೆಯೂ ರಿವೆಟ್ಟೂ ಆ ಅಳತೆಗೆ ತಕ್ಕಂತೆ ಸಣ್ಣವು. ಮೊದಲ ಸಲ ಅದು ಸುಮಾರು 35 ಟನ್ನಿಗೆ ಮುರಿಯಿತು, ಕೆಳಭಾಗ ಹರಿದು. ಎಸೆಯಲಿಲ್ಲ. ಹರಿದಲ್ಲಿ ತಟ್ಟೆ ಸೇರಿಸಿ, ಮತ್ತೆ ರಿವೆಟ್ ಹೊಡೆದು, ಮತ್ತೆ ಭಾರ ಹೇರಿದರು. ಮತ್ತೆ ಮುರಿಯಿತು, ಮತ್ತೆ ಸರಿಮಾಡಿದರು. 1847ರಲ್ಲಿ ಕೊನೆಯ ಸಲ ಅದು ಸುಮಾರು 86 ಟನ್ ಹೊತ್ತು ಮುರಿಯಿತು. ಎಲ್ಲೆಲ್ಲೂ ದಪ್ಪ ಮಾಡಿ ಗಳಿಸಿದ ಬಲ ಅಲ್ಲ ಇದು, ಮುರಿದ ಕಡೆ ಮಾತ್ರ ಕಬ್ಬಿಣ ಸೇರಿಸಿ ಗಳಿಸಿದ್ದು.

ಆ ನಂಬಿಕೆಯ ಮೇಲೆ, ಕೊಳವೆಯನ್ನು ಎತ್ತಿಹಿಡಿಯಲು ಮೊದಲು ಯೋಚಿಸಿದ್ದ ಸರಪಳಿಗಳನ್ನೇ ಕೈಬಿಟ್ಟರು. ಗೋಪುರಗಳಲ್ಲಿ ಸರಪಳಿಗೆಂದು ಬಿಟ್ಟ ಕಿಂಡಿಗಳು ಹಾಗೇ ಉಳಿದವು. ಇದೇ ಬಗೆಯ ಕಾನ್‌ವಿ ಸೇತುವೆ 1848ರಲ್ಲೂ ಬ್ರಿಟಾನಿಯಾ ಸೇತುವೆ 1850ರಲ್ಲೂ ತೆರೆದವು. ಬ್ರಿಟಾನಿಯಾಕ್ಕೆ ಹಿಡಿದ ರಿವೆಟ್ ಸುಮಾರು 20 ಲಕ್ಷ. ಕಾನ್‌ವಿ ತಟ್ಟೆಗಳಿಗೆ ತೂತು ಹೊಡೆಯೋಕೆ ರಿಚರ್ಡ್ ರಾಬರ್ಟ್ಸ್ ಎಂಬ ಮ್ಯಾಂಚೆಸ್ಟರ್ ಯಂತ್ರಗಾರ ನೇಯ್ಗೆಯ ಜಕಾರ್ಡ್ ಮಗ್ಗದ ತತ್ವದ ಮೇಲೆ ಪಂಚಿಂಗ್ ಯಂತ್ರ ಮಾಡಿದರು. ಯಾವ ತೂತು ಎಲ್ಲಿ ಬೀಳಬೇಕು ಅನ್ನೋದನ್ನು ಮೊದಲೇ ಹೊಂದಿಸಿಟ್ಟ ವ್ಯವಸ್ಥೆಯೇ ನಿರ್ಧರಿಸುತ್ತಿತ್ತು. ಸಿಎನ್‌ಸಿಯ ಮುತ್ತಜ್ಜ ಅನ್ನಬಹುದು.

ಸೇತುವೆ ನಿಂತಿತು, ಸ್ನೇಹ ನಿಲ್ಲಲಿಲ್ಲ. ಶ್ರೇಯಸ್ಸು ಯಾರದು ಎಂಬ ಜಗಳದಲ್ಲಿ ಫೇರ್‌ಬೇರ್ನ್ 1848ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷವೇ ತಮ್ಮ ಪಾತ್ರ ವಿವರಿಸಿ ಪುಸ್ತಕ ಬರೆದರು. ಪ್ರಾಜೆಕ್ಟ್ ರಿಪೋರ್ಟಿನ ಮೇಲೆ ಯಾರ ಹೆಸರು ಮೊದಲು ಅಂತ ಜಗಳವಾಡಿದ ಬ್ಯಾಚುಗಳಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಮೂವತ್ತು ಲಕ್ಷ ಸಲ

ಎಪ್ಪತ್ತು ದಾಟಿದ ಮೇಲೂ ಅವರ ಪ್ರಶ್ನೆ ನಿಲ್ಲಲಿಲ್ಲ. ಒಮ್ಮೆ ಹೊರುವ ಭಾರವನ್ನು ತೊಲೆ ಲಕ್ಷ ಸಲ ಹೊರುತ್ತದಾ? 1860ರ ದಶಕದಲ್ಲಿ, ರಿವೆಟ್ ಹೊಡೆದು ಕಟ್ಟಿದ 20 ಅಡಿ ಅಂಕಣದ ತೊಲೆಯೊಂದರ ಮೇಲೆ ನೀರಿನ ಚಕ್ರದಿಂದ ಭಾರ ಇಳಿಸುತ್ತಾ ಎತ್ತುತ್ತಾ ಹೋದರು. ಮುರಿಯುವ ಭಾರದ ಕಾಲು ಭಾಗವಾದರೆ ಸುಮಾರು ಮೂವತ್ತು ಲಕ್ಷ ಸಲ ಹೊತ್ತಿತು. ಮೂರನೇ ಒಂದು ಭಾಗಕ್ಕೆ ಏರಿಸಿದಾಗ ಸುಮಾರು ಮೂರು ಲಕ್ಷ ಸಲಕ್ಕೇ ಮುರಿಯಿತು. ಫೆಟೀಗ್ ಎಂಬ ಅಧ್ಯಾಯದ ಮೊದಲ ಪುಟಗಳಲ್ಲಿ ಇದೂ ಒಂದು.

ಗೌರವಗಳು ಬಂದವು. 1854ರಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷತೆ, 1861ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಅಧ್ಯಕ್ಷತೆ. ಅದೇ ವರ್ಷ ನೈಟ್ ಪದವಿ ಕೊಡಬಂದಾಗ ಬೇಡವೆಂದರು. 1869ರಲ್ಲಿ ಬ್ಯಾರನೆಟ್ ಪದವಿ ಒಪ್ಪಿಕೊಂಡರು. 1874ರ ಆಗಸ್ಟ್ 18ರಂದು ತೀರಿಕೊಂಡಾಗ 85 ವರ್ಷ. ಮ್ಯಾಂಚೆಸ್ಟರ್ ಪುರಭವನದಲ್ಲಿ ಅವರ ಪ್ರತಿಮೆ ಇದೆ.

ಆ ರಿವೆಟ್ ಯಂತ್ರ ಇವತ್ತು ಯಾವ ಕಾರ್ಖಾನೆಯಲ್ಲೂ ಓಡುತ್ತಿಲ್ಲ. ವೇಗದ ದಾಖಲೆ ಯಾವಾಗಲೂ ಮುರಿಯುತ್ತೆ, ಇನ್ನೊಂದು ವೇಗದ ಯಂತ್ರ ಬರುತ್ತೆ. ಉಳಿದಿರೋದು ಮುರಿದು ನೋಡುವ ಅಭ್ಯಾಸ. ಬೇಗ ಜೋಡಿಸೋದು ಅರ್ಧ ಕೆಲಸ. ಜೋಡಿಸಿದ್ದು ಎಲ್ಲಿ, ಎಷ್ಟಕ್ಕೆ, ಎಷ್ಟು ಸಲಕ್ಕೆ ಮುರಿಯುತ್ತೆ ಅಂತ ಜನ ಅದರ ಮೇಲೆ ಕಾಲಿಡುವ ಮೊದಲೇ ತಿಳಿಯೋದು ಇನ್ನರ್ಧ. ಮುಂದಿನ ಸಲ ಜಾಯಿಂಟ್ ಎಫಿಷಿಯೆನ್ಸಿಗೆ ಲೆಕ್ಕ ಹಾಕಿ ಉತ್ತರ ಐವತ್ತಾರರ ಹತ್ತಿರ ಬಂದರೆ ಬೇಸರ ಮಾಡಿಕೊಳ್ಳಬೇಡಿ, ಸೂತ್ರ ಸರಿಯಾಗೇ ಇದೆ. ಅಷ್ಟಕ್ಕೇ ಎರಡನೇ ಸಾಲಿನ ರಿವೆಟ್ ಬೇಕಾದದ್ದು.